ಚೀಲದ ತೂಕ ಕಳೆದು

ತರೀಕೆರೆಯಿಂದ ತಂದ ಹಳೇ ಇಂಪಲ್ಸ್
ಉಪ್ಪಳ್ಳಿಯ ಶೆಡ್ಡಿನ ಮುಂದೆ ನಿಂತಾಗ
ಜಬೀವುಲ್ಲಾ ಸಾಬರು ಕೀಲಿ ಕೇಳಲಿಲ್ಲ, ಕಿಕ್ಕರ್ ತುಳಿಯಲಿಲ್ಲ.
ಹ್ಯಾಂಡಲ್ ಹಿಡಿದು, ಕರುವನ್ನು ಮಲಗಿಸುವಷ್ಟು ಮೆಲ್ಲಗೆ
ಮಣ್ಣಿಗೆ ಮಲಗಿಸಿಬಿಟ್ಟರು.
'ಎತ್ತಮ್ಮ, ನೋಡೋಣ.'

ಎತ್ತಿದೆ. ಮೊಣಕಾಲಿನವರೆಗೆ ಬಂದು
ಮತ್ತೆ ಹೋಯಿತು.
ಎದುರಿನ ಪಂಕ್ಚರ್ ಅಂಗಡಿಯ ಹುಡುಗ ನಕ್ಕ.
'ಒಬ್ಬಳೇ ಎತ್ತಲಾರದ್ದನ್ನ ಒಬ್ಬಳೇ ಒಯ್ಯಬಾರದು.
ಏನೇನು ಹಾಕಿಸಬೇಕು ಅಂತ ಪಟ್ಟಿ ತಂದಿದ್ದೀಯಲ್ಲ,
ಅದನ್ನ ಮಡಚಿಡು.
ಮೊದಲು ಏನು ಬೇಡ, ಹೇಳು.'

ನನ್ನ ಕೆಲಸವೇ ತೂಕ.
ಕ್ಯೂರಿಂಗ್ ವರ್ಕ್ಸಿನ ಗೇಟಿನಲ್ಲಿ ಹನ್ನೊಂದು ವರ್ಷದಿಂದ
ಚೀಟಿ ಬರೆಯುತ್ತೇನೆ:
ಒಟ್ಟು ಇಷ್ಟು, ಚೀಲ ಇಷ್ಟು,
ಚೀಲ ಕಳೆದು ಕಾಳು ಇಷ್ಟು.
ಭಾನುವಾರ ವಾಚ್‌ಮನ್ ಪುಟ್ಟಬಸಪ್ಪನಿಗೆ
ಒಂದು ಕಟ್ಟು ವೀಳ್ಯದೆಲೆ ಕೊಟ್ಟು
ಗಾಡಿಯನ್ನು ತೂಕದ ಕಟ್ಟೆಗೆ ಹತ್ತಿಸಿದೆ.
ನೂರ ಅರವತ್ತೊಂದು.
ಸರಕಿನ ಹೆಸರು ಬರೆಯುವ ಜಾಗದಲ್ಲಿ
ಏನೂ ತೋಚದೆ
'ಚೆರಿ' ಎಂದು ಬರೆದೆ.

ಹಿಂದಿನವನು ಬಿಗಿಸಿದ್ದ ಕಬ್ಬಿಣದ ಗಾರ್ಡು, ಒಂಬತ್ತು ಕಿಲೋ, ಹೋಯಿತು.
ಎರಡು ಹಾರನ್ನಿನಲ್ಲಿ ಒಂದು ಹೋಯಿತು.
ಸೀರೆ ಗಾರ್ಡು ಬಿಚ್ಚುತ್ತಾ ಸಾಬರು
'ಇದು ಹಿಂದೆ ಕೂರೋ ಹೆಂಗಸರಿಗೆ' ಎಂದು
ಗುಜರಿಯ ರಾಶಿಗೆ ಎಸೆದರು; ಸದ್ದು ಬಹಳ ಹೊತ್ತು ಇತ್ತು.
ಸೀಟನ್ನು ಅರ್ಧಕ್ಕೆ ಕೊಯ್ಯುವ ಮೊದಲು ಕೇಳಿದರು:
'ಹಿಂದೆ ಯಾರು ಕೂರ್ತಾರೆ?'
ಉತ್ತರಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.
ಗುಡಾರ, ಎಂದೆ.

ಹಾಕಿದ್ದು ಕಡಿಮೆ.
ಕರಿಜ್ಮಾದ ಎಂಜಿನ್. ಹಿಂದಿನ ಸ್ಪ್ರಾಕೆಟ್ಟಿಗೆ ಮೂರು ಹಲ್ಲು ಹೆಚ್ಚು.
ಬೂಟು ಜಾರದಂತೆ ಗರಗಸದಂಚಿನ ಫುಟ್‌ರೆಸ್ಟು.
ಬಸ್ಸಿನ ಸೀಟು ಹೊಲಿಯುವ ಪೌಲಣ್ಣ ಕುಶನ್ನು ಎರಡು ಇಂಚು ಕೊರೆದ ದಿನ
ನನ್ನ ಹೆಬ್ಬೆರಳು ನೆಲ ಕಂಡಿತು.
ತಾರ್ಪಾಲಿನ ಎರಡು ಚೀಲ, ಎಡಕ್ಕೆ ಅಡುಗೆ, ಬಲಕ್ಕೆ ಸ್ಪ್ಯಾನರು, ಟ್ಯೂಬು;
ಸಮ ತೂಗುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಎಂಜಿನ್ನಿನ ಹೊಟ್ಟೆಗೆ ಕಲ್ಲು ಬಡಿಯದಂತೆ
ಗುಜರಿಯಿಂದ ಒಂದು ರಸ್ತೆ ಫಲಕ:
ಮುಂದೆ ಶಾಲೆ ಇದೆ.
ಎರಡು ಪದರ ಮಡಚಿ, ಅಂಚು ಬಾಗಿಸಿ,
ಆಯಿಲ್ ಇಳಿಸುವ ಬೋಲ್ಟಿಗೆ ತೂತು ಕೊರೆದಾಗ
ಶಾಲೆ ಪೂರ್ತಿ ಆ ತೂತಿಗೆ ಹೋಯಿತು.
ಉಳಿದ ಅಕ್ಷರ ಕೆಳಮುಖ. ಬಣ್ಣ ಬಳಿಯಲೇ ಎಂದರೆ
'ಬಿಡು, ಕಲ್ಲುಗಳಾದರೂ ಓದಿಕೊಳ್ಳಲಿ.'

ಮತ್ತೆ ಕಟ್ಟೆ ಹತ್ತಿಸಿದೆ. ನೂರ ಮೂವತ್ತೊಂಬತ್ತು.
ಶೆಡ್ಡಿನ ಮುಂದೆ ಮತ್ತೆ ಮಲಗಿಸಿದರು.
'ಮುಖ ಕೊಟ್ಟು ಎತ್ತಬೇಡ. ಬೆನ್ನು ಕೊಡು.
ಕಾಲಲ್ಲಿ ಎತ್ತು.'
ಹುಡುಗ ಈ ಸಲ ಟೈರಿನಿಂದ ತಲೆ ಎತ್ತಲಿಲ್ಲ,
ಅದು ನನಗೆ ಸ್ವಲ್ಪ ಬೇಜಾರೇ ಆಯಿತು.

ಮಾರ್ಚಿನ ಎರಡನೇ ವಾರ, ಅಯ್ಯನಕೆರೆಯ ಏರಿ ದಾಟಿ
ಕುರಿಗಳ ಹಾದಿ ಹಿಡಿದೆ.
ಬೆಟ್ಟದ ಬುಡದ ಒಣಹಳ್ಳದಲ್ಲಿ ಗುಂಡುಗಲ್ಲು,
ಮುಂದಿನ ಚಕ್ರ ಒಂದು ಕಡೆ, ನಾನು ಒಂದು ಕಡೆ.
ಎಂಜಿನ್ ಆರಿತು.
ಎಲ್ಲೋ ಒಂದು ಟಿಟ್ಟಿಭ ಬೈಯುತ್ತಲೇ ಇತ್ತು.
ಅದು ಮಲಗಿತ್ತು, ನಾನೂ ಮಲಗಿದ್ದೆ,
ಅದರ ಹೊಟ್ಟೆ ನನ್ನ ಕಡೆಗೆ.
ಗೀರುಗಳ ನಡುವೆ ಬಿಳಿ ಅಕ್ಷರ:
ಮುಂದೆ,
ಒಂದು ತೂತು,
ಇದೆ.
ತಲೆ ವಾಲಿಸಬೇಕಾಗಿರಲಿಲ್ಲ,
ನಾನೂ ಅದೇ ಓರೆಯಲ್ಲಿದ್ದೆ.

ತೂತಿನೊಳಗೆ ಬೋಲ್ಟಿನ ಆರು ಮೂಲೆಯ ತಲೆ,
ಅದರ ತುದಿಯಲ್ಲಿ ಬೀಳಲೋ ಬೇಡವೋ ಎನ್ನುವ ಒಂದು ಹನಿ.
ವಾಷರ್ ಬದಲಿಸಬೇಕು ಅಂದುಕೊಂಡೆ.
ಎದ್ದೆ. ಧೂಳು ಕೊಡವಲಿಲ್ಲ.
ಬೆನ್ನು ಕೊಟ್ಟೆ, ಕಾಲು ಕೊಟ್ಟೆ,
ಹಿಮ್ಮಡಿಯಲ್ಲೇ ಒಂದೊಂದು ಹೆಜ್ಜೆ.

ನಿಂತಿತು.
ಬಲಗಡೆಯ ಕನ್ನಡಿ ಚೂರಾಗಿತ್ತು.
ಕಾಲು ಕಿಲೋ,
ಕಳೆದೆ.