ತೊರವಿ ದಾಟಿದ ಮ್ಯಾಲಿನ ಏರು

ಮೊದಲ ವರ್ಷ ನಾ ಪದಕಾನ ನೋಡ್ತಿದ್ದೆ.
ಹಾಸಿಗಿಗೆ ಬಿದ್ದಕೂಡ್ಲೆ ಕೊರಳಾಗ ಅದು,
ತಣ್ಣಗ, ತುಸು ಭಾರ.
ಚಪ್ಪಾಳಿ. ಪೇಪರಿನಾಗ ಫೋಟೋ.
ತೊಡಿ ಸಡಿಲಾಗಿ
ಗೆದ್ದವರ ನಿದ್ದಿ ಬರ್ತಿತ್ತು.
ನಾಕೂವರಿಗೆ ಅಲಾರಾಂ ಬಡಕೊಂಡ್ರ
ಗೆದ್ದಾಕಿ ಯಾಕ ಏಳಬೇಕು?

ಜಮಖಂಡಿ ರೇಸಿನಾಗ ಹದಿನೇಳನೇ ನಂಬರಿಗೆ ಬಂದೆ.

ದಸ್ತಗೀರ ಮಾಮಾನ ಪಂಕ್ಚರ್ ಅಂಗಡಿ.
ನೀರಿನ ಬುಟ್ಟಿಯೊಳಗ ಟ್ಯೂಬ್ ಅದ್ದಿ ಹಿಡದು
ಕೇಳಿದ: "ಕಣ್ಣ ಮುಚ್ಚಿದ್ರ ಏನ ಕಾಣ್ತದ, ಕಸ್ತೂರಿ?"
ಹೇಳಿದೆ.
ನಗಲಿಲ್ಲ ಅಂವಾ.
ಗುಳ್ಳಿ ಎದ್ದಲ್ಲಿ ಬೆರಳಿಟ್ಟ:
"ಗಾಳಿ ಹೋಗೂದು ಇಲ್ಲೇ.
ತೊರವಿ ದಾಟಿದ ಮ್ಯಾಲ ಒಂದ ಏರು ಅದ,
ಅದನ್ನ ನೋಡು.
ಎಲ್ಲಿ ಉಸರು ಹರದ್ಹೋಗ್ತದೋ
ಅಲ್ಲಿ ಕುಂತು ನೋಡು."

ಅವತ್ತಿನಿಂದ ರಾತ್ರಿ
ಚಾಪಿ ಮ್ಯಾಲ ಅಂಗಾತ ಮಲಗಿ ಟಿಕೋಟಾ ರಸ್ತೆ ತುಳದೆ.
ಕಬ್ಬಿನ ಟ್ರ್ಯಾಕ್ಟರ್ ತಿಂದ ಡಾಂಬರಿನ ಅಂಚು,
ಮಣೂಕ ಒಣಗಿಸೋ ಶೆಡ್ಡಿನ ಹಸರು ಜಾಳಗಿ,
ಕಿವಿ ಹರಕೊಂಡ ನಾಯಿ ಬೆನ್ನಟ್ಟೂ ಜಾಗ,
ಪಡುವಲ ಗಾಳಿ ಎದಿಗೆ ಕೈ ಹಚ್ಚಿ ದೂಡೂ ಜಾಗ.
ಅಲ್ಲಿ ಗೇರ್ ಇಳಸ್ತಿದ್ದೆ.
ಕತ್ತಲದಾಗ ಹೆಬ್ಬೆರಳು ಖರೇನ ಅಲಗಾಡ್ತಿತ್ತು.
ಬಾಜೂಕ ಮಲಗಿದ ತಂಗಿ
"ಒದೀಬ್ಯಾಡವಾ" ಅಂತ ಗೋಡಿಗೆ ಸರೀತಿದ್ಲು.

ಆಮ್ಯಾಲ ಹಗಲೂ ಬದಲಾತು.
ದರ್ಗಾದ ಹಸರು ಧ್ವಜ ಯಾವ ಕಡೆ ಬಡಕೋತದ,
ಬಚ್ಚಲ ನೀರು ಓಣಿಯೊಳಗ ಯಾವ ಕಡೆ ವಾಲ್ತದ,
ಜ್ವಾಳದ ಚೀಲ ಎತ್ತೂ ಮೊದಲು
ಹಮಾಲರ ಯಂಕಪ್ಪ ಹೆಂಗ ಉಸರು ಬಿಡ್ತಾನ —
ಇವೆಲ್ಲ ಮೊದಲೂ ಇದ್ದವು.
ನನಗ ಇರಲಿಲ್ಲ.
ಮೂರನೇ ಮಿರ್ಚಿಗೆ ಹೋದ ಕೈ
ಯಾರೂ ಬೈಯದ ತಿರುಗಿ ಬಂತು.
ಏಳು ಅಂತ ಯಾರೂ ಹೇಳಲಿಲ್ಲ,
ರಾತ್ರಿ ಅರ್ಧಕ್ಕ ಬಿಟ್ಟ ರಸ್ತೆ
ಹೊಸ್ತಲದಾಗ ನಿಂತು ಕಾಯ್ತಿತ್ತು.

ರೇಸಿನ ದಿನ ಏರಿನಾಗ
ಬಾಜೂಕಿನ ಹುಡುಗಿ ಬಾಯಿ ತೆರದ್ಲು.
ನಾ ಅಲ್ಲಿ ನೂರು ಸಲ ಸತ್ತಾಕಿ,
ಹೆಬ್ಬೆರಳು ತಾನ ಗೇರ್ ಇಳಸ್ತು.
ಎಲ್ಲಾ ಇದ್ದಲ್ಲೇ ಇತ್ತು —
ನಾಯಿ ಮಾತ್ರ ಇರಲಿಲ್ಲ.
ಒಂದ ಗಳಿಗಿ
ರಸ್ತೆನೇ ತಪ್ಪೇನೋ ಅನಿಸಿ
ತಿರುಗಿ ನೋಡಿದೆ.

ನಾಕನೇ ನಂಬರು.
ಪದಕ ಮೂರ ಮಂದಿಗಿ.

ಮಾಮಾ ಚಹಾ ಬಸಿಗೆ ಸುರಕೊಂಡು
ಎಲ್ಲಾ ಕೇಳಿಸಿಕೊಂಡ. ನಂಬರು ಕೇಳಲಿಲ್ಲ.
"ನಾಯಿ ಎಲ್ಲಿ ಹೋತು?" ಅಂದ.
"ಗೊತ್ತಿಲ್ಲ."
ಪಂಪು ನನ್ನ ಕಡೆ ದೂಡಿದ:
"ನಾಳಿ ನಸಿಕಿನಾಗ ನೋಡಕೊಂಡ ಬಾ.
ಇಲ್ಲದ್ದನ್ನೂ ನೋಡಿಟ್ಟಿರಬೇಕು."