ಎಂಟು ಗೂಡಿನ ಹಗ್ಗ

ಸಾರ್ಜಂಟ್ ಸಾಬರಿಗೆ ಬೇಕಾಗಿದ್ದದ್ದು ಬಿಸಿನೀರು.
ಶಿಡ್ಲಘಟ್ಟದಲ್ಲಿ ಅದಕ್ಕೇನು ಬರ,
ಗಲ್ಲಿಗೆ ಹತ್ತು ಒಲೆ.
ಆದರೂ ನನ್ನ ಬೇಸಿನ್ನಿಗೇ ಬಂದರು,
ಪಾಳಿ ಮುಗಿದು ರಾಟೆ ನಿಂತ ಮೇಲೆ,
ಬನಿಯನ್ ಡಬ್ಬದಲ್ಲಿ ಒಂದು ವಿಮಾನ ಹಿಡಿದು.

ವಿಮಾನ ಅಂದರೆ ಬರೀ ತುಂಡು.
ಹೊಟ್ಟೆ ಎರಡು ಸೀಳು, ರೆಕ್ಕೆ ಎರಡು,
ನಾಲ್ಕು ಇಂಜಿನ್, ಸೇದಿ ಬಿಟ್ಟ ಬೀಡಿಯಷ್ಟು,
ಇಪ್ಪತ್ತು ಗಾಲಿ, ಅಂಗಿ ಗುಂಡಿಗಿಂತ ಸಣ್ಣವು.
ನೂರನಲವತ್ತನಾಲ್ಕು ಪಾಲಿನಲ್ಲಿ ಒಂದು ಪಾಲು, ಎಂದರು.
ನನಗೆ ಗೊತ್ತಿದ್ದ ಪಾಲು ಬೇರೆ,
ಅದರಲ್ಲಿ ನನಗೇನೂ ಬಂದಿರಲಿಲ್ಲ.

"ಡಬ್ಬದವರು ಬಾಲದ ಬಾಗಿಲು ಮುಚ್ಚಿ ಕಳಿಸಿದ್ದಾರೆ,
ಇದು ತೆರೆದಿರಬೇಕು."
ಬ್ಲೇಡು ಹಿಡಿದು ಹಿಂಭಾಗ ಕೊಯ್ದರು,
ಗೆರೆ ಮೇಲೆ ಗೆರೆ, ಅದೇ ಗೆರೆ ಮೇಲೆ ಮತ್ತೆ,
ಒಂದು ವಾರ.
ಎಂಟೇ ಬೆರಳು. ಬಲಗೈಯಲ್ಲಿ ಕಡೆಯ ಎರಡಿಲ್ಲ.
ಎಲ್ಲಿ ಹೋದವು ಅನ್ನುವುದಕ್ಕೆ ಊರಲ್ಲಿ ಮೂರು ಕಥೆ,
ಮೂರರಲ್ಲೂ ಯುದ್ಧ ಇದೆ.

ಒಂದು ರೆಕ್ಕೆ ಸೊಟ್ಟ. ಗೂಡು ಬೇಯುವ ನೀರಲ್ಲಿ ಹಿಡಿದೆವು.
ನಾನು ನೂರು ಎಣಿಸುವಷ್ಟರಲ್ಲಿ
ಮಗುವಿನ ಕಿವಿಯಂತೆ ಬಗ್ಗಿತು.
ಆಮೇಲೆ ಆ ಮೂರು ಬಣ್ಣದ ಚಕ್ರ,
ಕಾಗದ ಬಿಟ್ಟು ಒಂಟಿಯಾಗಿ ತೇಲಿತು,
ಕೇಸರಿಯೊಳಗೆ ಬಿಳಿ, ಬಿಳಿಯೊಳಗೆ ಹಸಿರು,
ಹುಳ ನಾರುವ ನೀರಿನ ಮೇಲೆ.
"ಮೀನು ಹಿಡಿದ ಹಾಗೆ ಹಿಡಿ."
ಎಳೆ ಹಿಡಿದ ಹಾಗೆ ಹಿಡಿದೆ. ನನಗೆ ಬರುವುದು ಅದೇ.

ಬೂದು ಬಣ್ಣ ಮೂರು ಸಲ ಕಲಸಿದರು.
ಮೊದಲನೆಯದು ಆಸ್ಪತ್ರೆಯ ಬೀರು,
ಎರಡನೆಯದು ಎಮ್ಮೆ.
ಮೂರನೆಯದನ್ನು ನೋಡಿ ಸುಮ್ಮನಾದರು.
ಮೂಲೆಯ ಹಳೇ ಚಂದ್ರಿಕೆಯಲ್ಲಿ ಒಣಗಲು ಇಟ್ಟೆವು.
ಮರುದಿನ ಹೆಂಗಸರೆಲ್ಲ ಕೇಳಿದರು,
ಇದು ಎಷ್ಟು ದಿನಕ್ಕೆ ಚಿಟ್ಟೆಯಾಗುತ್ತೆ?

ಕೊನೆಗೆ ಹೊಟ್ಟೆಯೊಳಗೆ ಒಂದು ಜೀಪು ಹತ್ತಬೇಕು.
ಹತ್ತಿಸಲು ವಿಂಚು. ವಿಂಚಿಗೆ ಹಗ್ಗ.
ನಿಜದಲ್ಲಿ ಅದು ಉಕ್ಕು, ಪೆನ್ಸಿಲ್ಲಿನಷ್ಟು ದಪ್ಪ,
ಅದರ ನೂರನಲವತ್ತನಾಲ್ಕನೇ ಪಾಲು
ಯಾವ ಅಂಗಡಿಯಲ್ಲಿ ಸಿಗುತ್ತೆ?
ಹೊಲಿಗೆ ದಾರ ತಂದರು, ಆನೆ ಕಟ್ಟುವ ಹಗ್ಗದಂತೆ ಕಂಡಿತು.
ನನ್ನ ತಲೆಗೂದಲು ಕೇಳಿದರು, ಕೊಟ್ಟೆ,
ಅದು ಯಾರ ಮಾತೂ ಕೇಳುವುದಿಲ್ಲ.
ಇಷ್ಟು ದಿನ ಇಬ್ಬರಿಗೂ ಹೊಳೆಯಲಿಲ್ಲ ನೋಡಿ.
ಇಪ್ಪತ್ತೆರಡು ವರ್ಷದಿಂದ ನಾನಿಲ್ಲಿ ಎಳೆಯುತ್ತಿರುವುದೇನು?
ಎಂಟು ಗೂಡಿನ ತುದಿ ಹುಡುಕಿ, ಸೇರಿಸಿ,
ಒಂದು ಮಾರು ಎಳೆದು ಕೊಟ್ಟೆ.
ಭೂತಗನ್ನಡಿ ಹಿಡಿದು ನೋಡಿದರು.
"ಸರಿಯಾಗಿ ಅಷ್ಟೇ," ಎಂದರು, ಬಹಳ ಹೊತ್ತಾದ ಮೇಲೆ.

ಕಟ್ಟಲು ಹೋಗಿ ಅವರ ಕೈ ನಡುಗಿತು.
ನನ್ನ ಬೆರಳಿಗೆ ಕೊಟ್ಟರು, ಬೆಂದು ಬಿಳಿಚಿದ ಬೆರಳಿಗೆ.
ವಿಂಚಿನಿಂದ ಜೀಪಿನ ಮೂತಿಗೆ.
ಜಗ್ಗಿ ಬಿಗಿ ಮಾಡಿದೆ,
ನಮ್ಮ ಕಸುಬಿನಲ್ಲಿ ಎಳೆ ಸಡಿಲವಾದರೆ ಬೈಗುಳ.
"ಬೇಡ ಮುನೆಕ್ಕ, ಬಿಗಿ ಬೇಡ.
ನೆಲಕ್ಕೆ ತಾಗುವಷ್ಟು ಬಿಡು."
ಜೀಪು ಮೇಲೆ ಹತ್ತುತ್ತಾ ಇದೆಯಲ್ಲ ಸಾಬರೆ,
ಹಗ್ಗ ಸಡಿಲ ಇದ್ದರೆ ಸುಳ್ಳಾಗಲ್ಲವಾ?
"ಆಗುತ್ತೆ."
ಬೇಸಿನ್ನಿನ ನೀರು ಆರುವವರೆಗೂ ಕೂತಿದ್ದರು.
"ಬಿಗಿದ ಹಗ್ಗ ಕಡಿಯೋ ಮುಂಚೆ ಒಂದು ಸದ್ದು ಮಾಡುತ್ತೆ.
ಯಾರೋ ಸಣ್ಣಗೆ ಹಾಡಿದ ಹಾಗೆ.
ಹಾಡು ಅಂತಲೇ ನಾನು ತಿರುಗಿ ನೋಡಿದ್ದು."

ಊರಿನ ಮೂರು ಕಥೆಯಲ್ಲಿ
ಒಂದರಲ್ಲೂ ಜೀಪು ಇರಲಿಲ್ಲ.

ಈಗ ಅದು ಅವರ ಮನೆಯ ಟಿವಿ ಪಕ್ಕದಲ್ಲಿದೆ.
ರೆಕ್ಕೆ ತುದಿಯಿಂದ ತುದಿಗೆ ಒಂದೂವರೆ ಗೇಣು.
ಜೊತೆ ಕೆಲಸ ಮಾಡಿದವರು ಯಾರೋ ಹೈದರಾಬಾದಿನಿಂದ ಬಂದು
ಗಾಲಿ ಎಣಿಸಿ, ಬಣ್ಣ ಹೊಗಳಿ,
ಹಗ್ಗ ಒಂದು ತಪ್ಪಾಯಿತಲ್ಲ ಗೌಸ್, ಎಂದರಂತೆ.
ಇವರು ಚಹಾ ತರಿಸಿದರಂತೆ.

ನನ್ನ ರಾಟೆಯಲ್ಲಿ ದಿನಕ್ಕೆ ನಲವತ್ತು ಸಲ ಎಳೆ ಕಡಿಯುತ್ತದೆ.
ಸದ್ದಿಲ್ಲ. ಗಂಟು ಹಾಕಿ ಮುಂದಕ್ಕೆ.
ಒಮ್ಮೊಮ್ಮೆ ಕೈ ನಿಂತು ನೆನಪಾಗುತ್ತದೆ:
ಜೀಪು ಅರ್ಧ ಇಳಿಜಾರಿನಲ್ಲಿದೆ,
ಹಗ್ಗ ನೆಲದ ಮೇಲೆ ಬಿದ್ದುಕೊಂಡಿದೆ,
ಹಿಡಿದಿರುವುದು ಗೋಂದು.