ಎರಡು ಮಿಲಿಮೀಟರ್

ಲವ್‌ಡೇ ಟ್ರೆಂಬಾತ್‌ಳ ಷೆಡ್ಡಿನ ಹಿಂದೆ ಒಂದು ಮರದ ಗೂಟ.
ಗೂಟದ ಬುಡದಲ್ಲಿ, ನಾಲ್ಕು ಬೆರಳು ಕೆಳಗೆ,
ಹೆಸರುಕಾಳಿನಷ್ಟು ಚಿನ್ನ.
ಅವಳೇ ಹೂತದ್ದು.
ಬಚ್ಚಿಡಲಿಕ್ಕಲ್ಲ,
ಯಂತ್ರದ ಕಿವಿ ನೆಟ್ಟಗಿದೆಯೇ ಎಂದು
ಆಗಾಗ ವಿಚಾರಿಸಲಿಕ್ಕೆ.

ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು.
ಡನೋಲಿಯ ಸುತ್ತಿನ ಒಂದೊಂದು ಕೊರಕಲಿಗೂ
ಅವಳ ಬಾಯಲ್ಲಿ ಒಂದೊಂದು ಬೈಗುಳವಿತ್ತು.
ಹಳೆಯ ಡಿಟೆಕ್ಟರ್ ಹೊತ್ತು ನಾನು ಮೊದಲು ಹೋದ ದಿನ
ಮುಖ ನೋಡಲಿಲ್ಲ,
ಯಂತ್ರವನ್ನು ತಲೆಕೆಳಗು ಮಾಡಿ
ಸುರುಳಿಯ ಅಡಿಯನ್ನು ಹೆಬ್ಬೆರಳಲ್ಲಿ ತಡವಿದಳು,
ಕುದುರೆಯ ಗೊರಸು ನೋಡುವವರ ಹಾಗೆ.
‘ಬರಿಗಾಲಲ್ಲಿ ನಡೆಸಿದ್ದೀಯ ಇದನ್ನ.’

ಹೌದು. ಬೆಣಚುಕಲ್ಲು ಗೀಚಿದ ನೂರು ಗೆರೆ,
ಅದರಲ್ಲೊಂದು
ಒಳಗಿನ ತಾಮ್ರದ ತಂತಿಗೆ ಕೂದಲೆಳೆ ದೂರ.

ಅವತ್ತು ಮಧ್ಯಾಹ್ನ ಗೂಟದ ಬಳಿ ಪಂಚಾಯಿತಿ ಕೂತಿತು.
ಬರಿಯ ಸುರುಳಿ ಬೀಸಿದೆ:
ಕಾಳು ಹಾಡಲಿಲ್ಲ, ಕೆಮ್ಮಿತು, ಆದರೆ ಸ್ಪಷ್ಟವಾಗಿ.
ಪ್ಲಾಸ್ಟಿಕ್ ಚಿಪ್ಪು ತೊಡಿಸಿ ಬೀಸಿದೆ:
ಗೋಡೆಯಾಚೆ ಯಾರೋ ಗಂಟಲು ಸರಿಮಾಡಿಕೊಂಡಂತೆ.
ಚಿಪ್ಪಿನ ಮೇಲೆ, ನನ್ನದೇ ಜಾಣತನ,
ಸೈಕಲ್ ಟ್ಯೂಬಿನ ರಬ್ಬರು, ಅದರ ಮೇಲೆ ಎರಡು ಸುತ್ತು ಟೇಪು:
ಏನೂ ಇಲ್ಲ.
ಬೇಲಿಯ ಮೇಲಿನ ಮ್ಯಾಗ್‌ಪೈ ಮಾತ್ರ ಏನೋ ಹೇಳಿತು.

‘ಪ್ಲಾಸ್ಟಿಕ್ಕು ಏನನ್ನೂ ತಡೆಯುವುದಿಲ್ಲ ಮಾರಾಯ,
ದೂರ ಮಾಡುತ್ತದೆ, ಅಷ್ಟೆ.
ಮುಷ್ಟಿಗಾತ್ರದ ಗಟ್ಟಿಗೆ ಎರಡು ಮಿಲಿಮೀಟರ್ ಯಾವ ಲೆಕ್ಕ?
ಕಂಬಳಿ ಹೊದ್ದರೂ ಅದರ ಕೂಗು ಕೇಳುತ್ತದೆ.
ಕಾಳಿಗೆ ಮಾತ್ರ ಎರಡೆಂದರೆ ಎರಡು ಊರು.
ನಮ್ಮ ಪಾಲಿಗೆ ಉಳಿದಿರುವುದು ಕಾಳುಗಳೇ.’
ಎಂದು ಚಹಾ ತರಲು ಹೋದಳು.
ರಬ್ಬರು ಬಿಚ್ಚುತ್ತಾ ನಾನು ಕೂತೆ.

ಜುಲೈ, ಅಲ್ಲಿನ ಚಳಿಗಾಲ.
ಐರನ್‌ಬಾರ್ಕ್ ಮರಗಳ ಕರಿ ತೊಗಟೆಯಲ್ಲಿ ನೀರು ಇಳಿಯುತ್ತಿತ್ತು.
ಕೆಂಪು ಜೇಡಿ ಬೂಟಿಗೆ ಬೂಟಿನಷ್ಟೇ ಮೆತ್ತಿತ್ತು.
ಚಿಪ್ಪು ತೊಟ್ಟ ಸುರುಳಿ
ಹತ್ತು ಗಂಟೆಯಿಂದ ಒಂದೇ ಸಮನೆ ಬಡಬಡಿಸುತ್ತಿತ್ತು:
ಇಲ್ಲಿದೆ, ಇಲ್ಲೂ ಇದೆ, ಅಗೋ ಅಲ್ಲಿ.
ಅಗೆದೆ. ಮೊಣಕೈವರೆಗೆ ಅಗೆದೆ.
ಇನ್ನೊಂದು ಕಡೆ. ಮತ್ತೊಂದು.
ಇರುವೆಗಳು ಎದ್ದು ಬಂದು ಕೈಗೆ ಬುದ್ಧಿ ಹೇಳಿದವು.

ಲವ್‌ಡೇ ದೂರದಿಂದಲೇ ಉಗುರು ಮೀಟುವಂತೆ ಸನ್ನೆ ಮಾಡಿದಳು.
ಚಿಪ್ಪನ್ನು ಮೀಟಿ ತೆಗೆದೆ.
ಒಳಗಿಂದ ಒಂದು ಹಿಡಿ ಕೆಸರು ಜಾರಿತು,
ಮೆಣಸಿನಪುಡಿಯಷ್ಟು ಕೆಂಪು, ತುಂಬ ಕಬ್ಬಿಣಗಲ್ಲಿನ ಹುಡಿ.
ಕಾಪಾಡಲು ತೊಡಿಸಿದ ಅಂಗಿಯ ಮಡಿಕೆಯಲ್ಲಿ
ಬೆಟ್ಟದ ಒಂದು ಚೂರು ಕೂತು
ಬೆಳಗಿನಿಂದ ಸುಳ್ಳು ಹೇಳುತ್ತಿತ್ತು.
ಮಣ್ಣು ಬಾಯಿ ಬಿಟ್ಟೇ ಇರಲಿಲ್ಲ.

ನೀರಿನ ಬಾಟಲಿಯಲ್ಲಿ ತೊಳೆದು,
ಚಿಪ್ಪನ್ನು ಜೇಬಿಗೆ ಸೇರಿಸಿ, ಬರಿಯ ಸುರುಳಿಯನ್ನು
ನೆಲಕ್ಕೆ ಉಸಿರು ತಾಗುವಷ್ಟು ಹತ್ತಿರ ಹಿಡಿದು ಬೀಸಿದೆ.
ಐದನೆಯ ಬೀಸಿಗೆ ಒಂದು ಕೆಮ್ಮು.
ಗುರುತು ಹಿಡಿದೆ, ಗೂಟದ ಬುಡದ್ದೇ ಕೆಮ್ಮು!
ಖುಷಿಗೆ ಆರನೆಯ ಬೀಸು ಜೋರಾಯಿತು,
ಹುಲ್ಲಿನ ಮರೆಯ ಬೆಣಚುಕಲ್ಲಿಗೆ ಬಡಿದು
ಟಕ್ ಎಂದಿತು.

ಕಾಳು ಸಿಕ್ಕಿತು. ಸುರುಳಿ ಬಿರುಕು ಬಿಟ್ಟಿತು.
ಯಾವುದಕ್ಕೆ ಮೊದಲು ಮುಖ ಕೊಡಬೇಕೆಂದು ತಿಳಿಯದೆ
ಕೆಸರಲ್ಲಿ ಮಂಡಿಯೂರಿದ್ದ ನನ್ನ ಪಕ್ಕ
ಲವ್‌ಡೇ ಬಂದು ನಿಂತು
ಬಿಸ್ಕತ್ತು ತಿಂದಳು.

ರಾತ್ರಿ ಷೆಡ್ಡಿನಲ್ಲಿ ಎಪಾಕ್ಸಿ ಕಲಸಿ ಬಿರುಕಿಗೆ ತುಂಬಿ,
ಉಪ್ಪುಕಾಗದದಲ್ಲಿ ಉಜ್ಜುತ್ತಾ ಅಂದಳು:
‘ಇನ್ನು ಅರ್ಧ ಮಿಲಿಮೀಟರ್ ಕಿವುಡು ಇದು,
ಕಲ್ಲುಗುಡ್ಡೆಯಲ್ಲಿ ಚಿಪ್ಪು ಹಾಕು, ಸಂಜೆಗೊಮ್ಮೆ ತೆಗೆದು ತೊಳಿ.
ಮೆತ್ತನೆ ದಂಡೆಯಲ್ಲಿ ಬಿಚ್ಚು.
ಯಾವುದು ಯಾವುದೆಂದು ನನ್ನ ಕೇಳಬೇಡ.’

ಅದು ಒಂಬತ್ತು ವರ್ಷದ ಹಿಂದೆ.
ಈಗ ಆ ಷೆಡ್ಡು ಬೇರೆಯವರದು. ಬೇಡಿಕೊಂಡರೆ ಒಳಗೆ ಬಿಡುತ್ತಾರೆ.
ಗೂಟದ ಬಳಿ ಬೀಸುತ್ತೇನೆ.
ವರ್ಷ ವರ್ಷ ಕೆಮ್ಮು ಸಣ್ಣಗಾಗುತ್ತಿದೆ.
ಮಳೆಗೆ ಕಾಳು ಒಂದಿಷ್ಟು ಇಳಿಯಿತೋ,
ಸುರುಳಿಗೆ ವಯಸ್ಸಾಯಿತೋ,
ಹೆಡ್‌ಫೋನಿನ ಒಳಗಿರುವ ನನಗೋ,
ಅಗೆದು ನೋಡಿದರೆ ಗೊತ್ತಾದೀತು.
ಅಗೆಯುವುದಿಲ್ಲ.